ಊರ ನಡುವಿನ ಖಾಲಿ ಜಾಗ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿದಾಗ, “ನೀ ಬಿ.ಇ. ಓದಿದವ, ಬೆಂಗಳೂರಾಗ ಸಾಫ್ಟ್‌ವೇರ್ ಕೆಲಸ ಮಾಡ್ತಿ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಕು ಮಾತು ಹೇಳು” ಅಂದರು. ಆಗಲಿ ಅಂದೆ. ಆದರೆ ಬರೆಯಲು ಕೂತಾಗ ಕಂಪ್ಯೂಟರಿನ ಬದಲು ಜಾಗದ ವಿಷಯವೇ ತಲೆಗೆ ಬಂತು. ಊರಿನ ನಡುವೆ, ಪಟ್ಟಣದ ನಡುವೆ, ಬೆಂಗಳೂರಿನಂಥ ನಗರದ ನಡುವೆ ಮನೆ ಕಟ್ಟದೆ ಖಾಲಿ ಬಿಟ್ಟಿರುವ ಜಾಗಗಳಿವೆ. ಅವುಗಳ ಪಕ್ಕದಲ್ಲೇ ಮನೆಯಿಲ್ಲದ ಮಂದಿ ಇದ್ದಾರೆ. ಈ ಎರಡನ್ನೂ ಕೂಡಿಸಲು ಆಗುವುದಿಲ್ಲವೇ ಎಂಬುದೇ ಇವತ್ತಿನ ನನ್ನ ಮಾತು. ಇದರಲ್ಲಿ ನನ್ನ ತಪ್ಪೂ ಒಂದಿದೆ. ಅದನ್ನೂ ನಿಮ್ಮ ಮುಂದೆ ಹೇಳುತ್ತೇನೆ.

ಎಂಟನೆಯ ತರಗತಿಯಲ್ಲಿ ನನ್ನ ಬೆಂಚಿನಲ್ಲಿ ಒಬ್ಬ ಗೆಳೆಯನಿದ್ದ. ಲೆಕ್ಕದಲ್ಲಿ ನನಗಿಂತ ಚುರುಕು. ಒಂಬತ್ತನೆಯ ತರಗತಿಯಲ್ಲಿ ದೀಪಾವಳಿ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಹಾಜರಿ ಕೂಗುವಾಗ ಗುರುಗಳು ಒಂದು ವಾರ ಅವನ ಹೆಸರು ಕೂಗಿ ಸ್ವಲ್ಪ ನಿಲ್ಲುತ್ತಿದ್ದರು. ಆಮೇಲೆ ಬಿಟ್ಟು ಮುಂದೆ ಹೋದರು. ಅವ್ವ ಅಪ್ಪನ ಜೊತೆ ಅವನು ಗುಳೆ ಹೋಗಿದ್ದ. ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ. ಸಂಜೆ ಹೊತ್ತು ಯಾದಗಿರಿ, ಶಹಾಪುರ, ಸುರಪುರ ಬಸ್ ನಿಲ್ದಾಣದಲ್ಲಿ ನಿಂತರೆ ಸಾಕು. ಹಿಟ್ಟಿನ ಚೀಲ, ಹಾಸಿಗೆ, ಕೂಸು ಎತ್ತಿಕೊಂಡು ಬೆಂಗಳೂರು, ಪುಣೆ ಬಸ್ಸು ಕಾಯುವವರು ಕಣ್ಣಿಗೆ ಬೀಳುತ್ತಾರೆ.

ನಾನು ಬಿ.ಇ. ಮುಗಿಸಿ 2013ರಲ್ಲಿ ಬೆಂಗಳೂರಿಗೆ ಹೋದೆ. ಮಾರತಹಳ್ಳಿ ಹತ್ತಿರ ಮೂರನೆಯ ಮಹಡಿಯಲ್ಲಿ ಬಾಡಿಗೆ ಮನೆ ಹಿಡಿದೆ. ಮನೆಯ ಮುಂದೆ ಒಂದು ದೊಡ್ಡ ಖಾಲಿ ಸೈಟು. ಅದರ ತುಂಬ ನೀಲಿ ತಾಡಪತ್ರಿ ಹೊದಿಸಿದ ಶೆಡ್ಡುಗಳು. ಒಂದು ಸಂಜೆ ಕೆಳಗಿನಿಂದ ಹೆಣ್ಣುಮಗಳ ದನಿ ಕೇಳಿಸಿತು, “ಏ ತಮ್ಮಾ, ಹೊತ್ತಾಗ್ಯಾದ, ಬಾರಲೇ ಉಣ್ಣಾಕ.” ಅದು ನಮ್ಮ ಮಾತು. ಕೆಳಗೆ ಇಳಿದು ಹೋದೆ. ಒಬ್ಬರು ಶಹಾಪುರ ಕಡೆಯವರು, ಒಬ್ಬರು ದೇವದುರ್ಗದವರು, ಮತ್ತೆ ಮೂರು ಮನೆ ನಮ್ಮ ಸುರಪುರ ಸೀಮೆಯವರು. ಅವರಲ್ಲಿ ಒಬ್ಬನ ಮುಖವನ್ನು ನಾನು ಗುರುತು ಹಿಡಿಯುವ ಮೊದಲೇ ಅವನು ನನ್ನನ್ನು ಹಿಡಿದ. ನನ್ನ ಬೆಂಚಿನ ಗೆಳೆಯ. ಗೌಂಡಿ ಕೆಲಸ ಮಾಡುತ್ತಿದ್ದ.

ಆ ಶೆಡ್ಡು ಪುಕ್ಕಟೆ ಇರಬಹುದು ಎಂದು ನಾನು ಅಂದುಕೊಂಡಿದ್ದೆ. ಅಲ್ಲ. ಸೈಟಿನ ಮಾಲೀಕ ಎಲ್ಲೋ ಇರುತ್ತಿದ್ದ. ನೋಡಿಕೊಳ್ಳುವ ಒಬ್ಬ ಮನುಷ್ಯ ತಿಂಗಳ ಮೊದಲ ವಾರ ಬಂದು ಶೆಡ್ಡಿಗೆ 1,500 ರೂಪಾಯಿ ವಸೂಲಿ ಮಾಡುತ್ತಿದ್ದ. ನೀರಿನ ದುಡ್ಡು ಬೇರೆ. ಶೌಚಾಲಯ ಇಲ್ಲ. ನಾನು ಲೆಕ್ಕ ಹಾಕಿದೆ. ಶೆಡ್ಡು 10 ಅಡಿಗೆ 8 ಅಡಿ, ಅಂದರೆ 80 ಚದರ ಅಡಿ. ಒಂದು ಚದರ ಅಡಿಗೆ ಸುಮಾರು 19 ರೂಪಾಯಿ ಬಿತ್ತು. ನನ್ನ ಮನೆ 600 ಚದರ ಅಡಿ, ಬಾಡಿಗೆ 12,000. ಚದರ ಅಡಿಗೆ 20 ರೂಪಾಯಿ. ಟೈಲ್ಸ್ ಹಾಕಿದ, ನಲ್ಲಿಯಲ್ಲಿ ನೀರು ಬರುವ ಮನೆಗೆ ನಾನು ಕೊಡುತ್ತಿದ್ದ ದರವನ್ನೇ ಹೆಚ್ಚೂಕಡಿಮೆ ಅವನು ತಾಡಪತ್ರಿಗೆ ಕೊಡುತ್ತಿದ್ದ. ಬಡವನಿಗೆ ಬಾಡಿಗೆ ಕೊಡುವ ಶಕ್ತಿ ಇಲ್ಲ ಎಂಬ ಮಾತನ್ನು ನಾನು ಅಂದಿನಿಂದ ನಂಬುವುದಿಲ್ಲ. ಅವನು ಬಾಡಿಗೆ ಕೊಡುತ್ತಲೇ ಇದ್ದಾನೆ. ಆ ದುಡ್ಡಿಗೆ ತಕ್ಕ ಸಣ್ಣ ಮನೆಯನ್ನು ಯಾರೂ ಕಟ್ಟಿಲ್ಲ.

ಎರಡು ವರ್ಷದ ಮೇಲೆ ಮಾಲೀಕ ಕಟ್ಟಡ ಎಬ್ಬಿಸಲು ಬಂದ. ಶೆಡ್ಡಿನವರಿಗೆ ಒಂದು ವಾರ ಗಡುವು. ಕಟ್ಟುವ ಕೆಲಸ ಅವರಲ್ಲೇ ಕೆಲವರಿಗೆ ಸಿಕ್ಕಿತು. ನಾಲ್ಕು ಮಹಡಿಯ ಪಿ.ಜಿ. ಎದ್ದು ನಿಂತಿತು. ನನ್ನಂಥ ಹುಡುಗರು ಬಂದು ಸೇರಿದರು. ಗೆಳೆಯ ಇನ್ನೊಂದು ಖಾಲಿ ಸೈಟಿಗೆ ಹೋದ. ಹೋಗುವಾಗ ಒಂದು ಮಾತು ಅಂದ, “ಹತ್ತು ವರ್ಷ ಆತು, ಎಷ್ಟೋ ಮನಿ ಕಟ್ಟೀನಿ. ನಾ ಕಟ್ಟಿದ ಮನ್ಯಾಗ ಒಂದು ರಾತ್ರಿನೂ ಮಲಗಿಲ್ಲ ನೋಡು.”

ಖಾಲಿ ಸೈಟುಗಳು ಯಾಕೆ ಖಾಲಿ ಉಳಿಯುತ್ತವೆ? ಜಾಗವನ್ನು ನಾವು ಬಂಗಾರದ ಹಾಗೆ ಇಟ್ಟುಕೊಳ್ಳುತ್ತೇವೆ. ಬಂಗಾರ ಪೆಟ್ಟಿಗೆಯಲ್ಲಿದ್ದರೆ ಯಾರಿಗೂ ತೊಂದರೆ ಇಲ್ಲ. ಜಾಗ ಹಾಗಲ್ಲ. ಸರಕಾರಕ್ಕೂ ಇದು ಗೊತ್ತಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 1976ರ ಕಾಯ್ದೆಯಿಂದ ಹುಟ್ಟಿದ್ದು. ಅದು ಸೈಟು ಹಂಚುವಾಗ ಇಂತಿಷ್ಟು ವರ್ಷದೊಳಗೆ ಮನೆ ಕಟ್ಟಬೇಕು ಎಂಬ ಷರತ್ತು ಹಾಕುತ್ತದೆ. ಆದರೂ ಸೈಟುಗಳು ಖಾಲಿ ಉಳಿದವು. ಅದೇ 1976ರಲ್ಲಿ ಕೇಂದ್ರ ಸರಕಾರ ನಗರ ಭೂಮಿತಿ ಕಾಯ್ದೆ ತಂದಿತು. ನಗರದಲ್ಲಿ ಒಬ್ಬರ ಕೈಯಲ್ಲಿ ಹೆಚ್ಚು ಖಾಲಿ ಜಾಗ ಇರಬಾರದು, ಹೆಚ್ಚಿನದ್ದು ಬಡವರ ಮನೆಗೆ ಬರಲಿ ಎಂಬುದು ಅದರ ಆಸೆ. ವಿನಾಯಿತಿ, ವ್ಯಾಜ್ಯಗಳಲ್ಲೇ ಅದು ಸೊರಗಿತು. 1999ರಲ್ಲಿ ಸಂಸತ್ತು ಅದನ್ನು ರದ್ದು ಮಾಡಿತು. 2011ರ ಜನಗಣತಿ ಪ್ರಕಾರ ದೇಶದ ನಗರಗಳಲ್ಲಿ ಕಟ್ಟಿ ಬೀಗ ಹಾಕಿದ ಮನೆಗಳೇ 1 ಕೋಟಿ 10 ಲಕ್ಷದಷ್ಟಿದ್ದವು. ಮರುವರ್ಷ, 2012ರಲ್ಲಿ, ಕೇಂದ್ರದ ತಾಂತ್ರಿಕ ಸಮಿತಿಯೊಂದು ನಗರಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆ ಇದೆ ಎಂದಿತು. ಆ ಕೊರತೆಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಬಡ ಮತ್ತು ಕಡಿಮೆ ಆದಾಯದ ಕುಟುಂಬಗಳದ್ದು. ಜಾಗವೂ ಇದೆ, ಮನೆಯೂ ಇದೆ, ಮಂದಿಯೂ ಇದ್ದಾರೆ. ಒಂದಕ್ಕೊಂದು ಕೂಡಿಲ್ಲ.

ಬೆಂಗಳೂರಿನವರನ್ನು ಬೈಯುವುದು ಸುಲಭ. ಈಗ ನಮ್ಮ ಕಡೆಗೆ ಬರೋಣ.

1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಶಹಾಪುರ, ಸುರಪುರ ಸೀಮೆಯ ಭೂಮಿಯ ಬೆಲೆ ಏರಿತು. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆ ಆಯಿತು. ಮೂರೂ ಪಟ್ಟಣಗಳ ಸುತ್ತ ಹೊಲಗಳು ಎನ್.ಎ. ಆಗಿ ಪ್ಲಾಟುಗಳಾದವು. ಕೆಲಸ ಸೇರಿದ ಎರಡನೆಯ ವರ್ಷ ನಾನೂ ಒಂದು 30-40 ಪ್ಲಾಟು ತೆಗೆದುಕೊಂಡೆ. ಅಪ್ಪ ಬಹಳ ಖುಷಿಪಟ್ಟರು. ರಿಜಿಸ್ಟ್ರಿ ಆದ ದಿನ ಪೇಡೆ ಹಂಚಿದರು. ಆಮೇಲೆ ನಾನು ಅದರ ಕಡೆ ತಿರುಗಿ ನೋಡಲಿಲ್ಲ. ಈಗ ಅಲ್ಲಿ ಆಳೆತ್ತರ ಜಾಲಿಕಂಟಿ. ಪಕ್ಕದ ಮನೆಯ ಹೆಣ್ಣುಮಗಳು, “ತಮ್ಮಾ, ನಿಮ್ಮ ಪ್ಲಾಟಿನ್ಯಾಗಿಂದ ಹಾವು ಬರ್ತಾವ, ಹುಡುಗ್ರನ್ನ ಹೊರಗ ಬಿಡಾಕ ಅಂಜಿಕಿ” ಅಂದಾಗ ನನಗೆ ನಾಚಿಕೆಯಾಯಿತು. ಬೆಂಗಳೂರಿನ ಆ ಕಾಣದ ಮಾಲೀಕನ ಮೇಲೆ ನನಗಿದ್ದ ಸಿಟ್ಟೆಲ್ಲ ನನ್ನ ಕಡೆಗೇ ತಿರುಗಿತು.

ನನ್ನ ಪ್ಲಾಟಿನ ರಸ್ತೆಯಲ್ಲಿ 20 ಪ್ಲಾಟುಗಳಿವೆ. ಈ ಕಡೆ 10, ಆ ಕಡೆ 10. ಒಂದೊಂದೂ 30 ಅಡಿ ಅಗಲ, ಹಾಗಾಗಿ ರಸ್ತೆ 300 ಅಡಿ ಉದ್ದ. ಮನೆ ಇರುವುದು ಆರು. 300 ಅಡಿ ರಸ್ತೆ, ಚರಂಡಿ, ಪೈಪು, ವಿದ್ಯುತ್ ತಂತಿ ಈ ಆರು ಮನೆಗೆ. ಒಂದು ಮನೆಗೆ 50 ಅಡಿ ಬಿತ್ತು. ಇಪ್ಪತ್ತೂ ಕಟ್ಟಿದ್ದರೆ ಮನೆಗೆ 15 ಅಡಿ ಸಾಕಿತ್ತು. ಉಳಿದ ಖರ್ಚನ್ನು ತೆರಿಗೆ ಕಟ್ಟುವ ಎಲ್ಲರೂ ಹೊರುತ್ತಿದ್ದೇವೆ. ಇಷ್ಟಾದರೂ ಊರ ಹೊರಗೆ ಇನ್ನೊಂದು ಹೊಲ ಪ್ಲಾಟಾಗುತ್ತಲೇ ಇದೆ. ಮಕ್ಕಳೇ, ಈ ಲೆಕ್ಕಕ್ಕೆ ಬಿ.ಇ. ಬೇಕಿಲ್ಲ. ನಿಮ್ಮ ಏಳನೆಯ ತರಗತಿಯ ಭಾಗಾಕಾರ ಸಾಕು.

ಹಿರಿಯರಿಗೆ ಇನ್ನೊಂದು ವಿಷಯ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಹಳೆಯ ಊರುಗಳು ಗಟ್ಟಿ ನೆಲದ ಮೇಲಿವೆ. ಸುರಪುರವಂತೂ ಗುಡ್ಡಗಳ ನಡುವೆಯೇ ಇದೆ. ಎರಿ ಭೂಮಿಯನ್ನು ಜೋಳಕ್ಕೆ, ಹತ್ತಿಗೆ ಬಿಟ್ಟು, ಗರಸಿನ ಮೇಲೆ, ಕಲ್ಲಿನ ಮೇಲೆ ಮನೆ ಕಟ್ಟಿದರು. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಮನೆಯ ಬುನಾದಿ ಆಳಕ್ಕೆ ಹೋಗದಿದ್ದರೆ ಗೋಡೆ ಸೀಳುತ್ತದೆ. ಊರೊಳಗೆ ಗಟ್ಟಿ ನೆಲ ಖಾಲಿ ಬಿಟ್ಟು, ಹೊರಗೆ ಹೋಗಿ ಅನ್ನ ಕೊಡುವ ಎರಿಯಲ್ಲಿ ಬುನಾದಿಗೆ ಹೆಚ್ಚು ದುಡ್ಡು ಸುರಿಯುತ್ತಿದ್ದೇವೆ.

ಹಾಗಾದರೆ ಒಳಗಿನ ಜಾಗಗಳಲ್ಲಿ ಕಟ್ಟುವುದು ಹೇಗೆ? ದೂರದ ಒಂದು ಉದಾಹರಣೆ ಹೇಳುತ್ತೇನೆ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಇಕೀಕೆ ಎಂಬ ಊರಿದೆ. ಅದರ ನಡುವೆ ಅರ್ಧ ಹೆಕ್ಟೇರು ಜಾಗದಲ್ಲಿ ಸುಮಾರು 100 ಬಡ ಕುಟುಂಬಗಳು 30 ವರ್ಷದಿಂದ ಗುಡಿಸಲು ಹಾಕಿಕೊಂಡಿದ್ದವು. ಊರ ನಡುವೆ ಇದ್ದುದರಿಂದ ಜಾಗದ ಬೆಲೆ ಹೆಚ್ಚು, ಸರಕಾರದ ಸಹಾಯಧನ ಕಡಿಮೆ. ಎಲ್ಲರನ್ನೂ ಎತ್ತಿ ಊರ ಹೊರಗೆ ಹಾಕುವುದು ಸುಲಭವಿತ್ತು. ಆದರೆ ಕೂಲಿ, ಶಾಲೆ, ಆಸ್ಪತ್ರೆ ಎಲ್ಲವೂ ಊರೊಳಗೇ ಇದ್ದವು. ಅಲೆಹಾಂಡ್ರೊ ಅರಾವೆನಾ ಎಂಬ ವಾಸ್ತುಶಿಲ್ಪಿಯ ತಂಡ 2004ರ ಹೊತ್ತಿಗೆ ಅದೇ ಜಾಗದಲ್ಲಿ ಅರ್ಧರ್ಧ ಮನೆ ಕಟ್ಟಿಕೊಟ್ಟಿತು. ಅಡುಗೆಮನೆ, ಬಚ್ಚಲು, ಮೆಟ್ಟಿಲು, ಗಟ್ಟಿ ಗೋಡೆ, ಅಂದರೆ ಮನೆಯವರೇ ಕಟ್ಟಿಕೊಳ್ಳಲು ಕಷ್ಟವಾದದ್ದನ್ನು ಸಹಾಯಧನದಲ್ಲಿ ಕಟ್ಟಿದರು. ಪಕ್ಕದಲ್ಲಿ ಬಿಟ್ಟ ಖಾಲಿ ಜಾಗವನ್ನು ಮನೆಯವರು ಕೈಯಲ್ಲಿ ದುಡ್ಡು ಬಂದಂತೆ ತುಂಬಿಕೊಂಡರು. ನಮ್ಮ ದೇಶದಲ್ಲೇ ಬಿ.ವಿ. ದೋಶಿಯವರು 1980ರ ದಶಕದಲ್ಲಿ ಇಂದೋರಿನ ಅರಣ್ಯ ಬಡಾವಣೆಯಲ್ಲಿ ಇದೇ ದಾರಿ ಹಿಡಿದಿದ್ದರು. ಮೊದಲು ಒಂದು ಕೋಣೆ, ಒಂದು ಬಚ್ಚಲು. ಆಮೇಲೆ ಮನೆ ಬೆಳೆಯಲಿ.

ಇದನ್ನು ಓದಿದಾಗ ನನಗೆ ನಮ್ಮ ಮುತ್ತಜ್ಜನ ಮನೆ ನೆನಪಾಯಿತು. ನಮ್ಮಲ್ಲಿ ಮನೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು. ಮೊದಲು ಎರಡು ಅಂಕಣ. ಮಗನ ಮದುವೆಗೆ ಇನ್ನೊಂದು ಅಂಕಣ. ಪೀಕು ಚೆನ್ನಾಗಿ ಬಂದ ವರ್ಷ ಪಡಸಾಲೆ. ಓಣಿಯಲ್ಲಿ ಒಂದು ಮನೆಯ ಗೋಡೆಗೆ ಇನ್ನೊಂದು ಮನೆ ಅಂಟಿಕೊಂಡಿತ್ತು. ಹಾಗಾಗಿ ನಮ್ಮ ಬೇಸಿಗೆಯ ಬಿಸಿಲು ಎರಡು ಕಡೆಯ ಗೋಡೆಗೆ ತಾಗುತ್ತಲೇ ಇರಲಿಲ್ಲ. ಈಗ 20-30ರ ಸಣ್ಣ ಪ್ಲಾಟಿನಲ್ಲೂ ಬಂಗಲೆಯ ಹಾಗೆ ನಾಲ್ಕು ಕಡೆ ಮೂರು ಮೂರು ಅಡಿ ಬಿಡುತ್ತೇವೆ ಅನ್ನಿ. 600 ಚದರ ಅಡಿಯಲ್ಲಿ ಮನೆಗೆ ಉಳಿಯುವುದು 336. ಎರಡು ಪಕ್ಕದ ಗೋಡೆಗಳನ್ನು ಜಂಟಿಯಾಗಿ ಕಟ್ಟಿ, ಮುಂದೆ ಹಿಂದೆ ಮಾತ್ರ ಜಾಗ ಬಿಟ್ಟರೆ 480. ನಗರಸಭೆಯ ನಿಯಮ ಏನು ಒಪ್ಪುತ್ತದೆ ಎಂದು ಕೇಳಿಯೇ ಮಾಡಬೇಕು. ಆದರೆ ಸಣ್ಣ ಜಾಗಕ್ಕೆ ಓಣಿಯ ಬುದ್ಧಿಯೇ ಸರಿ.

ಸಾಮಾನಿನಲ್ಲೂ ಉಳಿತಾಯಕ್ಕೆ ದಾರಿಗಳಿವೆ. ಕಲ್ಲು ನಮ್ಮಲ್ಲೇ ಇದೆ, ಫರಸಿ ಶಹಾಬಾದಿನಿಂದ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ವಿಭಾಗ ಆರಂಭವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಅದರ ಗುರಿ. ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವುದನ್ನು ಬೆಳೆಸಿದರು. ಭಟ್ಟಿಯಲ್ಲಿ ಸುಡುವುದಿಲ್ಲ, ನೀರು ಚಿಮುಕಿಸಿ ಹದ ಮಾಡಿದರೆ ಸಾಕು. ಕೆಂಪು ಮಣ್ಣು, ಉಸುಕು ಇರುವ ಕಡೆ ಇದು ಚೆನ್ನಾಗಿ ಬರುತ್ತದೆ. ಎರಿ ಮಣ್ಣಿಗೆ ಹೊಂದುವುದಿಲ್ಲ.

ಸರಕಾರದ ಸಹಾಯವೂ ಇದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗದಲ್ಲಿ, ಸ್ವಂತ ಜಾಗ ಇದ್ದ ಬಡ ಕುಟುಂಬ ತಾನೇ ಮನೆ ಕಟ್ಟಿಕೊಂಡರೆ ಕೇಂದ್ರದಿಂದ ಒಂದೂವರೆ ಲಕ್ಷ ರೂಪಾಯಿ. ಮರುವರ್ಷ ಬಂದ ಗ್ರಾಮೀಣ ಯೋಜನೆಯಲ್ಲಿ ನಮ್ಮಂಥ ಬಯಲುಸೀಮೆಗೆ 1 ಲಕ್ಷ 20 ಸಾವಿರ, ಮನೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. ರಾಜ್ಯದ ಬಸವ ವಸತಿಯಂಥ ಯೋಜನೆಗಳು ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ನಡೆಯುತ್ತವೆ. ಆದರೆ ಇವುಗಳಲ್ಲಿ ಮನೆ ಕಟ್ಟಲು ಜಾಗ ಬೇಕು, ಜಾಗಕ್ಕೆ ಕಾಗದ ಬೇಕು.

ಇಲ್ಲೇ ನನ್ನ ಗೆಳೆಯನ ಕಥೆ ಮತ್ತೆ ಬರುತ್ತದೆ. ಅವನಿಗೆ ಜಾಗ ಇರಲಿಲ್ಲ ಎಂದು ನಾನು ತಿಳಿದಿದ್ದೆ. ಇತ್ತು. ಇದೇ ಊರಿನಲ್ಲಿ, ಹನುಮಪ್ಪನ ಗುಡಿಯ ಹಿಂದೆ, ಅವರ ಹಿರಿಯರ ಮನೆ. ಒಂದು ಮಳೆಗಾಲದಲ್ಲಿ ಮಾಳಿಗೆ ಕುಸಿದು ಬಿದ್ದ ಮೇಲೆಯೇ ಅವರು ಗುಳೆ ಹೋದದ್ದು. ಕಾಗದ ಅಜ್ಜನ ಹೆಸರಿನಲ್ಲಿತ್ತು. ಅಜ್ಜ ತೀರಿಕೊಂಡು ಬಹಳ ವರ್ಷವಾಗಿತ್ತು. ಮೂವರು ಮಕ್ಕಳ ನಡುವೆ ವಾಟ್ನಿ ಆಗಿರಲಿಲ್ಲ. ಒಬ್ಬರು ಪುಣೆಯಲ್ಲಿ, ಒಬ್ಬರು ಊರಲ್ಲಿ, ಇವನ ಅಪ್ಪ ಬೆಂಗಳೂರಿನಲ್ಲಿ. ತಮ್ಮ ಜಾಗ ಇಲ್ಲಿ ಖಾಲಿ ಬಿದ್ದಿತ್ತು. ಅವರು ಅಲ್ಲಿ ಮತ್ತೊಬ್ಬರ ಖಾಲಿ ಜಾಗಕ್ಕೆ ತಿಂಗಳ ತಿಂಗಳ ಬಾಡಿಗೆ ಕಟ್ಟುತ್ತಿದ್ದರು.

ನಾನು ನಕಾಶೆಗಳ ಸಾಫ್ಟ್‌ವೇರ್ ಕೆಲಸ ಮಾಡುವವನು. 2020ರಿಂದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣದ ಮನೆ ಜಾಗಗಳನ್ನು ಅಳೆಯುತ್ತಿದ್ದಾರೆ. ಪಂಚಾಯಿತಿಯಲ್ಲಿ ಇ-ಸ್ವತ್ತು ಮೂಲಕ ಜಾಗದ ಕಾಗದ ಸಿಗುತ್ತದೆ. ಇವೆಲ್ಲ ಒಳ್ಳೆಯ ಕೆಲಸಗಳು. ಆದರೆ ಕಂಪ್ಯೂಟರು ಖಾಲಿ ಜಾಗವನ್ನು ತೋರಿಸಬಲ್ಲದು, ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಒಂದು ಕಟ್ಟೆಯ ಮೇಲೆ ಕೂಡಿಸಲಾರದು. ಅದನ್ನು ಮಾಡಿದವರು ನಮ್ಮ ಊರಿನ ಹಿರಿಯರು ಮತ್ತು ನಿವೃತ್ತರಾದ ನಮ್ಮ ಕನ್ನಡ ಗುರುಗಳು. ಜಾತ್ರೆಗೆ ಮೂವರೂ ಬಂದಾಗ ಹಿಡಿದು ಕೂಡಿಸಿದರು. ಪುಣೆಯ ಕಾಕಾ ತನ್ನ ಪಾಲು ಬಿಟ್ಟುಕೊಟ್ಟರು. ಕಾಗದ ಕೈಗೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಹೋದ ವರ್ಷ ಒಂದು ಕೋಣೆ, ಅಡುಗೆಮನೆ, ಬಚ್ಚಲು ಎದ್ದವು. ಪಕ್ಕದ ಎರಡು ಅಂಕಣದ ಬುನಾದಿ ಹಾಕಿ ಬಿಟ್ಟಿದ್ದಾನೆ. ಅವನು ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಹೆಸರು ಹೇಳಬೇಡ ಅಂದಿದ್ದಾನೆ, ಹೇಳುವುದಿಲ್ಲ. ಅವನ ಮಗಳು ಈ ವರ್ಷ ಇದೇ ಶಾಲೆಯ ಎಂಟನೆಯ ತರಗತಿಗೆ ಸೇರಿದ್ದಾಳೆ.

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಬಡಾವಣೆಯ ನಡುವೆ ಸಣ್ಣ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತೇನೆ ಅಂದಾಗ ನನಗೆ ಬಂದ ಮೊದಲ ಪ್ರಶ್ನೆ ಖರ್ಚಿನದಲ್ಲ. “ಎಂಥ ಮಂದೀನ ಇಡ್ತಿ?” ಎಂಬುದು. ಬೆಂಗಳೂರಿನಲ್ಲಿ ಮನೆ ಹುಡುಕುವಾಗ ನನ್ನನ್ನೂ ಹಾಗೇ ಕೇಳಿದ್ದರು. ಆಗ ಆದ ಸಂಕಟ ನನಗೆ ಗೊತ್ತು. ಬಡವರಿಗೆ ಮನೆ ಕೊಡಲು ನಮ್ಮ ತಕರಾರಿಲ್ಲ, ಆದರೆ ಊರ ಹೊರಗೆ, ದೂರದಲ್ಲಿ ಕೊಡಲಿ ಅನ್ನುತ್ತೇವೆ. ದೂರದ ಮನೆಯಿಂದ ಕೂಲಿಗೆ, ಶಾಲೆಗೆ, ದವಾಖಾನೆಗೆ ಹೋಗಿ ಬರುವುದರಲ್ಲೇ ಅವರ ದುಡ್ಡು ಮತ್ತು ದಿನ ಹೋಗುತ್ತದೆ. ಶರಣರ ನಾಡು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಒಂದೇ ಓಣಿಯಲ್ಲಿ ಕೂಡಿ ಇರಲು ಅಂಜಿದರೆ ಯಾವ ಯೋಜನೆಯೂ ಫಲ ಕೊಡುವುದಿಲ್ಲ.

ಹಾಗೆಂದು ಎಲ್ಲ ಖಾಲಿ ಜಾಗವನ್ನೂ ತುಂಬಬೇಕು ಅನ್ನುತ್ತಿಲ್ಲ. ಮಕ್ಕಳ ಮೈದಾನ, ಉದ್ಯಾನಕ್ಕೆ ಬಿಟ್ಟ ಜಾಗ, ಬಾವಿ, ಕೆರೆ, ಹಳ್ಳ, ಗಾಯರಾಣ ಇವನ್ನು ಮುಟ್ಟಬಾರದು. ಮನೆಗೆಂದೇ ಗುರುತು ಮಾಡಿ, ರಸ್ತೆ ನೀರು ಕೊಟ್ಟು, ಮನೆಯಿಲ್ಲದೆ ಬಿಟ್ಟ ಜಾಗಗಳ ಮಾತು ಮಾತ್ರ ನನ್ನದು.

ಕೊನೆಗೆ ಈ ಶಾಲೆಯ ವಿಷಯ. ನಾವು ಓದುವಾಗ ಬಹಳ ಗುರುಗಳು ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರದು ತಪ್ಪಲ್ಲ, ಊರಲ್ಲಿ ಇರಲು ಮನೆ ಇರಲಿಲ್ಲ. ಬಸ್ಸು ತಡವಾದರೆ ಮೊದಲ ಪಿರಿಯಡ್ಡು ಹೋಯಿತು. ಒಬ್ಬ ಗಣಿತ ಗುರುಗಳಿಗೆ ಮಾತ್ರ ಅಗಸಿಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಎಸ್ಸೆಸ್ಸೆಲ್ಸಿಯ ವರ್ಷ ಪೂರ್ತಿ, ಸಂಜೆ ಊಟ ಆದ ಮೇಲೆ ನಾವು ಆರು ಹುಡುಗರು ಆ ಕೋಣೆಯಲ್ಲಿ ಕೂತು ಲೆಕ್ಕ ಬಿಡಿಸಿದೆವು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ ಅವರು. ನಾನು ಬಿ.ಇ. ಮಾಡಿದ್ದು ಆ ಒಂದು ಕೋಣೆಯಿಂದ. ಆ ಕೋಣೆ ಖಾಲಿ ಬಿದ್ದ ಹಾಳುಮನೆಯನ್ನು ಯಾರೋ ಪುಣ್ಯಾತ್ಮರು ರಿಪೇರಿ ಮಾಡಿ ಕೊಟ್ಟದ್ದು ಎಂದು ನನಗೆ ಈಚೆಗೆ ತಿಳಿಯಿತು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದು ಮೂರು ಬೇಡಿಕೆ. ಪ್ಲಾಟು ಇದ್ದವರು ಕಟ್ಟಿರಿ, ಆಗದಿದ್ದರೆ ಕಟ್ಟುವವರಿಗೆ ಕೊಡಿರಿ. ಹಿರಿಯರು ಇರುವಾಗಲೇ ಕೂಡಿ ಕೂತು ವಾಟ್ನಿ ಮುಗಿಸಿ ಕಾಗದ ಮಾಡಿಸಿಕೊಳ್ಳಿರಿ. ಈ ಊರಲ್ಲಿ ನಿಮ್ಮ ಹಾಳುಮನೆ ಇದ್ದರೆ ಒಂದು ಕೋಣೆ ರಿಪೇರಿ ಮಾಡಿ ಒಬ್ಬ ಶಿಕ್ಷಕರಿಗೆ, ಒಬ್ಬ ನರ್ಸಮ್ಮನಿಗೆ ಬಾಡಿಗೆಗೆ ಕೊಡಿರಿ.

ನನ್ನ ಪ್ಲಾಟಿನ ಜಾಲಿಕಂಟಿ ಕಡಿಸಿದ್ದೇನೆ. ಕೆಳಗೆ ಎರಡು ಸಣ್ಣ ಮನೆ, ಮುಂದೆ ಶಕ್ತಿ ಬಂದಾಗ ಮೇಲೆ ಎರಡು. ನಗರಸಭೆಗೆ ಅರ್ಜಿ ಕೊಟ್ಟಾಗಿದೆ. ಗೌಂಡಿ ಯಾರು ಎಂದು ನಾನು ಹೇಳಬೇಕಿಲ್ಲ. ಬುನಾದಿ ಎಷ್ಟು ಆಳ ಹೋಗಬೇಕು ಎಂದು ಅವನೇ ನನಗೆ ಪಾಠ ಮಾಡುತ್ತಿದ್ದಾನೆ. ಲೆಕ್ಕದಲ್ಲಿ ಅವನು ಈಗಲೂ ನನಗಿಂತ ಚುರುಕು.